ಕುತ್ತಿಗೆಯ ಮೇಲಿನ ಭಾಗ

ಮನುಷ್ಯರು ಒಬ್ಬರನ್ನೊಬ್ಬರು ಗುರುತು ಹಿಡಿಯಲೆಂದು ದೇವರು ಮುಖ ಕೊಟ್ಟಿದ್ದಾನೆ ಎನ್ನುತ್ತಾರೆ. ನನಗೆ ಆ ಏರ್ಪಾಡು ಇಪ್ಪತ್ತೆರಡು ವರ್ಷ ಬೇಕಾಗಲೇ ಇಲ್ಲ. ನಾನು ಹೊಲಿಗೆಯವಳು. ಕೊಟ್ಟೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮ ಅಂಗಡಿ. ನಮ್ಮದು ಎಂದರೆ ನನ್ನದು ಮತ್ತು ನನ್ನ ಅಕ್ಕ ಗಿರಿಜಕ್ಕನದು. ಅಕ್ಕ ಮುಂದೆ ನಿಂತು ಅಳತೆ ತೆಗೆಯುವಳು, ಮಾತನಾಡುವಳು, ನಗಿಸುವಳು. ನಾನು ಪರದೆಯ ಹಿಂದೆ ಮಷಿನ್ನಿಗೆ ಕುಳಿತು ಅವಳು ಕೂಗಿದ ಅಂಕಿಗಳನ್ನು ಬರೆದುಕೊಳ್ಳುವೆನು. ಹೀಗಾಗಿ ಊರಿನ ಅರ್ಧ ಹೆಂಗಸರು ನನಗೆ ಚೆನ್ನಾಗಿ ಗೊತ್ತು, ಕುತ್ತಿಗೆಯಿಂದ ಕೆಳಗೆ. ಒಮ್ಮೆ ಮದುವೆಮನೆಯಲ್ಲಿ ಒಬ್ಬರು ಬಂದು "ನನ್ನ ಗುರ್ತು ಸಿಗಲಿಲ್ಲೇನ್ರಿ?" ಎಂದರು. ನಾನು ಮುಖ ನೋಡಿ ತಡಬಡಿಸಿದೆ. ಅವರು ಬೇಸರದಿಂದ ತಿರುಗಿ ನಡೆದಾಗ ಬೆನ್ನು ಕಂಡಿತು. ಎಡಭುಜ ಅರ್ಧ ಇಂಚು ಇಳುಕು, ತೋಳು ಒಂಬತ್ತು, ಅಂಚಿಗೆ ಪೈಪಿಂಗ್ ಬೇಕೇ ಬೇಕು. "ಅಯ್ಯೋ, ನೀವೇನ್ರೀ!" ಎಂದು ಕೂಗುವಷ್ಟರಲ್ಲಿ ಅವರು ಊಟದ ಪಂಕ್ತಿ ಸೇರಿದ್ದರು.

ಹೋದ ಶ್ರಾವಣದಲ್ಲಿ ಅಕ್ಕ ತೀರಿಕೊಂಡಳು. ಈಗ ಬರೆದಷ್ಟು ಸಲೀಸಾಗಿ ಈ ಮಾತನ್ನು ಆಗ ಬಾಯಿಬಿಟ್ಟು ಹೇಳಲು ಬರುತ್ತಿರಲಿಲ್ಲ. ನನ್ನ ಕಷ್ಟವೆಲ್ಲ ಅದೇ. ತಿಂಗಳ ಮೇಲೆ ಅಂಗಡಿ ತೆರೆದರೆ, ಸುದ್ದಿ ತಿಳಿಯದ ಹಳ್ಳಿಯವರು ಬಂದು ಮೊದಲು ಕೇಳುತ್ತಿದ್ದದ್ದು "ಗಿರಿಜಕ್ಕ ಎಲ್ಲ್ಯದಾರ್ರಿ?" ಎಂದೇ. ನಾನು ತಲೆ ತಗ್ಗಿಸಿ ಪೆಡಲನ್ನು ಜೋರಾಗಿ ತುಳಿಯುತ್ತಿದ್ದೆ. ಎಷ್ಟೋ ಸಲ ಸೂಜಿಯ ಕೆಳಗೆ ಬಟ್ಟೆಯೇ ಇರುತ್ತಿರಲಿಲ್ಲ. ಅವರು ಒಂದಿಷ್ಟು ಹೊತ್ತು ಆ ಸದ್ದನ್ನು ಕೇಳಿ ಎದುರಿನ ಅಂಗಡಿಗೆ ಹೋಗಿಬಿಡುತ್ತಿದ್ದರು. ಹರಪನಹಳ್ಳಿಯಲ್ಲಿ ಬಿ.ಎಡ್. ಓದುವ ಅಕ್ಕನ ಮಗಳು ಸಹನಾ ಒಂದು ಭಾನುವಾರ ಬಂದವಳು ಇದನ್ನು ಕಣ್ಣಾರೆ ಕಂಡಳು. "ಚಿಗವ್ವ, ಹಿಂಗಾದ್ರ ಅಂಗಡಿ ಮುಚ್ಚೇ ಹೋಕೈತಿ. ಅವ್ವ ಕಟ್ಟಿದ ಅಂಗಡಿ ಅದು" ಎಂದಳು. ಆಮೇಲೆ ತನ್ನ ಮೊಬೈಲಿನಲ್ಲಿ ಯಾವುದೋ ವಿಡಿಯೋ ತೋರಿಸಿದಳು. ಜನರ ಜೊತೆ ಮಾತನಾಡಲು ಅಂಜುವವರು ದಿನಕ್ಕೊಬ್ಬ ಗುರುತಿಲ್ಲದವರನ್ನು ಕೇಳಿ ಅವರ ಫೋಟೋ ತೆಗೆಯಬೇಕಂತೆ, ಹಾಗೆ ಮಾಡಿದರೆ ಧೈರ್ಯ ಬರುತ್ತದಂತೆ. "ಕೇಳಾಕ ಧೈರ್ಯ ಇದ್ದಿದ್ರ ಫೋಟೋ ಯಾಕ ಬೇಕಿತ್ತೇ?" ಎಂದೆ. "ಅದಕ್ಕ ತಗಿ ಅಂತೀನಿ" ಎಂದಳು. ನಾಲಿಗೆ ಅವಳ ಅವ್ವನದೇ. ಎದುರಾಡಿ ಗೆದ್ದದ್ದು ನನಗೆ ನೆನಪಿಲ್ಲ.

ಮೊದಲ ದಿನ ಮಂಡಕ್ಕಿ ಅಂಗಡಿಯವನ ಮುಂದೆ ನಿಂತೆ. ಅವನು ಬಾಣಲೆಯಿಂದ ಕಣ್ಣೆತ್ತಿ "ಏನ್ ಬೇಕ್ರೀ ಅಕ್ಕಾರ?" ಎಂದ. ನನ್ನ ಬಾಯಿಂದ ಬಂದದ್ದು "ನಾಕು ಮಿರ್ಚಿ". ಮರುದಿನವೂ ನಾಲ್ಕು ಮಿರ್ಚಿ. ಮೂರನೆಯ ದಿನ ನಾನು ಓಣಿ ತಿರುಗುವುದನ್ನು ಕಂಡೇ ಅವನು ಕಟ್ಟಿಟ್ಟಿದ್ದ. ಧೈರ್ಯ ಬರಬೇಕಾದ ಜಾಗದಲ್ಲಿ ಎದೆಯುರಿ ಬಂದು ಕುಳಿತಿತು.

ನಾಲ್ಕನೆಯ ದಿನ, ಸಂತೆ ಮುಗಿಸಿ ಕೂಡ್ಲಿಗಿ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಹೆಂಗಸನ್ನು ಕಣ್ಣು ಮುಚ್ಚಿ ಕೇಳಿಯೇಬಿಟ್ಟೆ, "ಒಂದು ಫೋಟೋ ತಗೀಲೇನ್ರಿ?" ಅವರು ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವವರು. ಅಲ್ಲಿ ಹಾಜರಿ ಹಾಕುವುದೇ ಫೋಟೋ ಹಿಡಿದು. ಫೋಟೋ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕಲ್ಲುಬೆಂಚಿನಿಂದ, ನಲ್ಲಿಯ ಹತ್ತಿರದಿಂದ ಹೆಂಗಸರು ಎದ್ದು ಬಂದು ಸಾಲಾಗಿ ನಿಂತರು. "ಏ ಹನುಮಕ್ಕ, ಲಗೂನ ಬಾರೇ, ಗೈರಹಾಜರಿ ಬೀಳತೈತಿ!" "ಇವತ್ತು ಕೆಲಸಾನ ಇಲ್ಲಲ್ಲೇ, ಸಂತ್ಯಾಗ ಎಂಥಾ ಹಾಜರಿ?" "ಏನರ ಹೊಸಾ ರೂಲ್ಸ್ ಬಂದಿರ್ಬೇಕು, ನಿಂದ್ರು ಸುಮ್ನ." ಹಾಜರಿಯಲ್ಲ ಎಂದು ವಿವರಿಸುವುದಕ್ಕೆ ಇನ್ನೂ ಹತ್ತು ಮಾತು ಬೇಕಿತ್ತು. ನನ್ನಲ್ಲಿದ್ದದ್ದು ಖರ್ಚಾಗಿತ್ತು. ಮೊಬೈಲಿನ ಗುಂಡಿ ಒತ್ತಿದೆ. "ಬಿತ್ತೇನ್ರಿ ಹಾಜರಿ?" ಎಂದು ಒಬ್ಬಾಕೆ ಕೇಳಿದಳು. "ಬಿತ್ತು" ಎಂದೆ. ಗುರುತಿಲ್ಲದವರಿಗೆ ನಾನಾಗಿ ಕೊಟ್ಟ ಮೊದಲ ಉತ್ತರ, ಅದೂ ಸುಳ್ಳು.

ಭಾನುವಾರ ಸಹನಾ ಆ ಫೋಟೋ ನೋಡಿದಳು. "ಚಿಗವ್ವ, ಹನ್ನೊಂದು ಮಂದಿ ಅದಾರ, ಒಬ್ಬರಿಗರ ತಲಿ ಐತೇನು?" ನಿಜ. ಎಲ್ಲರೂ ಗದ್ದದಿಂದ ಸೊಂಟದವರೆಗೆ ಮಾತ್ರ ಬಂದಿದ್ದರು. "ಮೂರನೇದು ನಮ್ಮ ಹೊಲಿಗಿ ನೋಡು, ತೋಳು ಎಷ್ಟು ಚಂದ ಕುಂತೈತಿ" ಎಂದೆ. ಅವಳು ನಗತೊಡಗಿದಳು. ಅವ್ವ ಹೋದ ಮೇಲೆ ಆ ಹುಡುಗಿ ಹಾಗೆ ನಕ್ಕದ್ದು ಅದೇ ಮೊದಲು. ಆ ನಗು ನಡುವೆ ಎಲ್ಲಿಯೋ ಅಳುವಿಗೆ ತಿರುಗಿತು. ನಾನು ಒಳಗೆ ಹೋಗಿ ತಟ್ಟೆಗೆ ರೊಟ್ಟಿ ಹಾಕಿಕೊಂಡು ಬಂದೆ. ನಮ್ಮ ಮನೆಯಲ್ಲಿ ಸಮಾಧಾನ ಹೇಳುವುದು ಅಕ್ಕನ ಕೆಲಸವಾಗಿತ್ತು. ನನಗೆ ಬಡಿಸುವುದಷ್ಟೇ ಬರುತ್ತದೆ. ಉಂಡೆದ್ದ ಮೇಲೆ ಹುಡುಗಿ ಕಟ್ಟಪ್ಪಣೆ ಮಾಡಿದಳು, "ಇನ್ನ ಮ್ಯಾಲೆ ಮಖಾ. ಮಖಾ ಒಂದ."

ಹುಣಸೆಹಣ್ಣು ಮಾರುವ ಒಬ್ಬ ಅಜ್ಜಿ ಒಪ್ಪಿದಳು. ಮೊಬೈಲು ಎತ್ತಿ ಹಿಡಿದೆ. "ಮೊಬೈಲ್ ಯಾಕ ತಿರಗಾಮುರಗಾ ಹಿಡದೀಯವ್ವ? ಫೋಟೋ ನಂದು ತಗೀತಿಯೋ ನಿಂದೋ?" ಎಂದಳು. "ನಂಗ ರೂಢಿ ಇಲ್ಲಬೇ" ಎಂದೆ. "ನಂಗೇನ ದಿನಾ ರೂಢಿ ಐತೇನು? ನೋಡು, ಸರಿಯಾಗಿ ನೋಡಿ ತಗಿ." ನೋಡಿದೆ. ಭುಜ ಇದ್ದಲ್ಲೇ ಇರುತ್ತದೆ, ಟೇಪು ಹಿಡಿದರೆ ಮುಗಿಯಿತು. ಮುಖ ಹಾಗಲ್ಲ, ನೋಡುತ್ತಿದ್ದ ಹಾಗೆಯೇ ಬೇರೆಯಾಗುತ್ತದೆ. ಕಾಯುತ್ತ ನಿಲ್ಲಬೇಕು. ಹಾಗೆ ನಿಂತಿದ್ದಾಗ ಅಕ್ಕನ ಕಡೆಯ ಆರು ತಿಂಗಳು ನೆನಪಾದವು. ಕಾಯಿಲೆಯಿಂದ ಅವಳು ಇಳಿಯುತ್ತ ಹೋದಂತೆ ಅವಳ ಕುಬುಸಗಳನ್ನು ನಾಲ್ಕು ಸಲ ಒಳಗೆ ಹಿಡಿದು ಹೊಲಿದಿದ್ದೆ. ಪ್ರತಿ ಸಲವೂ ಅವಳು "ಇತ್ತಿತ್ಲಾಗ ನಿನ್ನ ಹೊಲಿಗಿ ಬಾಳ ಸಡ್ಲ ಆಗೈತಲೇ" ಎಂದು ಬೈಯುವಳು. ನಾನು "ಹೌದಕ್ಕ, ಕೈ ತಪ್ಪೈತಿ" ಎನ್ನುವೆನು. ಕೈ ತಪ್ಪಿರಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನಾಲ್ಕು ಸಲ ಎಷ್ಟೆಷ್ಟು ಹಿಡಿದೆನೆಂಬುದು ಕಾಲಿಂಚು ಬಿಡದೆ ನೆನಪಿದೆ. ಆ ದಿನಗಳ ಅವಳ ಮುಖ ಮಾತ್ರ ಎಷ್ಟು ಯೋಚಿಸಿದರೂ ಬರುವುದಿಲ್ಲ. ನಾನು ನೋಡಿರಲಿಲ್ಲ. "ತಗದಿಯೋ ಇಲ್ಲೋ? ಗಿರಾಕಿ ಹೊಂಟಾವ!" ಎಂದು ಅಜ್ಜಿ ಗದರಿದಳು. ಫೋಟೋದಲ್ಲಿ ತಲೆ ಪೂರ್ತಿ ಬಂದಿತ್ತು, ಸಿಟ್ಟಿನ ಸಮೇತ.

ಆಮೇಲೆ ದಿನಕ್ಕೊಂದರಂತೆ ಮೂವತ್ತು ಮುಖಗಳಾದವು. ಮಂಡಕ್ಕಿಯವನದೂ ಆಯಿತು, ಮಿರ್ಚಿ ಕೊಳ್ಳದೆ. ಹೀಗಿರುವಾಗ, ಹೊಳಲು ಊರಿಗೆ ಮದುವೆ ಮಾಡಿ ಕೊಟ್ಟ ಹೆಣ್ಣುಮಗಳೊಬ್ಬಳು ಮೊನ್ನೆ ತವರಿಗೆ ಬಂದವಳು ಬಟ್ಟೆ ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿದಳು. "ಹಳೇ ಅಳತಿ ಆಗಂಗಿಲ್ರಿ, ಹೊಸದಾಗಿ ತಗೋರಿ. ಗಿರಿಜಕ್ಕ ಎಲ್ಲ್ಯದಾರ್ರಿ?" ನಾನು ಪೆಡಲಿನಿಂದ ಕಾಲು ತೆಗೆದೆ. ಎದ್ದು ಪರದೆ ಸರಿಸಿ ಹೊರಗೆ ಬಂದೆ. ಅವಳ ಮುಖ ನೋಡಿ "ಅಕ್ಕ ತೀರಿಕೊಂಡಳವ್ವ, ಶ್ರಾವಣದಾಗ" ಎಂದೆ. ಅವಳು ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕುಳಿತಳು. "ನನ್ನ ಮದಿವಿ ಕುಬುಸಕ್ಕ ಅಳತಿ ತಗಂತಿದ್ರು. ನಾ ಹೆದರಿ ಉಸುರು ಹಿಡದು ನಿಂತಿದ್ದೆ. 'ಈಗ ಬಿಡವ್ವ ಉಸುರು, ಅತ್ತಿ ಮನ್ಯಾಗ ಹಿಡಕಳ್ಳೋದು ಇದ್ದ ಐತಿ' ಅಂದ್ರು" ಎಂದಳು. ಇಬ್ಬರೂ ನಕ್ಕೆವು. ಕಣ್ಣು ಒರೆಸಿಕೊಂಡೆವು. ಚಹಾ ತರಿಸಿದೆ. ನನಗೆ ಗೊತ್ತಿಲ್ಲದ ನನ್ನ ಅಕ್ಕನ ಮಾತುಗಳನ್ನು ಅವಳು ಒಂದು ಗಂಟೆ ಹೇಳಿದಳು. ನಾನೂ ಹೇಳಿದೆ. "ಸೋಮವಾರ ಊರಿಗೆ ಹೋಗ್ತೀನ್ರಿ, ಅಷ್ಟೊತ್ತಿಗೆ ಹೊಲ್ದು ಕೊಡ್ರಿ" ಎಂದು ಹೊರಟಳು. "ಆಗ್ಲಿ ಹೋಗ್ಬರ್ರಿ" ಎಂದು ಅಂಗಡಿಯ ಯಜಮಾನಿಯ ಗತ್ತಿನಲ್ಲೇ ಕಳಿಸಿಕೊಟ್ಟೆ.

ಬಟ್ಟೆ ಹಾಸಿ, ಕತ್ತರಿ ಹಿಡಿದು, ಅಳತೆ ಪುಸ್ತಕ ತೆರೆದರೆ ಹಾಳೆ ಖಾಲಿ. ಅಳತೆಯನ್ನೇ ತೆಗೆದಿಲ್ಲ. ಹೆಸರನ್ನೂ ಕೇಳಿಲ್ಲ. ಎಡಹುಬ್ಬಿನ ತುದಿಯ ಗಾಯದ ಗುರುತು, ನಗುವಾಗ ಮೊದಲು ಬಲಗೆನ್ನೆ ಏಳುವುದು, ಎಲ್ಲವೂ ನನಗೆ ಬಾಯಿಪಾಠ. ಆದರೆ ಇಷ್ಟರಿಂದ ತೋಳು ಕತ್ತರಿಸಲು ಬರುವುದಿಲ್ಲ. ಸೋಮವಾರಕ್ಕೆ ಇನ್ನೆರಡೇ ದಿನ. ಹೊಳಲಿಗೆ ಕೊಟ್ಟವಳ ತವರುಮನೆ ಯಾವುದೆಂದು ಓಣಿ ಓಣಿಯಲ್ಲಿ, ಕಂಡ ಕಂಡವರ ಬಾಗಿಲಲ್ಲಿ ನಿಂತು ಕೇಳುತ್ತಿದ್ದೇನೆ. ನಾನು ಮುಖವನ್ನು ಎಷ್ಟು ಚೆನ್ನಾಗಿ ವರ್ಣಿಸಿದರೂ ಅವರು ಕಡೆಗೆ ಕೇಳುವುದು ಒಂದೇ ಮಾತು, "ಅದಿರ್ಲಿ, ದಪ್ಪ ಅದಾರೋ, ತೆಳ್ಳಗ ಅದಾರೋ?"

"ಅದೊಂದು ನೋಡ್ಲಿಲ್ರಿ" ಎನ್ನುತ್ತೇನೆ, ಟೇಪನ್ನು ಕೊರಳಿಗೆ ಹಾಕಿಕೊಂಡು.