ಬ್ಲಾಜ್ ಮೇಸ್ತ್ರಿಯ ಮೀಸೆ

ಆ ಶುಕ್ರವಾರ ಬೆಳಿಗ್ಗೆ ಬ್ಲಾಜ್ ಮೇಸ್ತ್ರಿ ತನ್ನ ಮೀಸೆಯನ್ನು ಪಣಕ್ಕಿಡಬಾರದಿತ್ತು.

ಜಾಗೊರ್ಯೆ ಸೀಮೆಯ ಗುಡ್ಡದ ಮೇಲೆ ನೆವೆಂಕಾಳ ಅತಿಥಿಗೃಹ. ಅದರ ಅಂಗಳದಲ್ಲಿ ಗುಳ್ಳೆ ಉಕ್ಕಿಸುವ ಬಿಸಿನೀರಿನ ತೊಟ್ಟಿ. ವಾರಕ್ಕೆರಡು ದಿನ ಅದರ ದೀಪ ಪಿಳಿಪಿಳಿ ಅಂದು ಆರಿ, ತೊಟ್ಟಿಯೇ ನಿಂತುಹೋಗುತ್ತಿತ್ತು. ಬ್ಲಾಜ್ ಬರುವಷ್ಟರಲ್ಲಿ, ಶಾಲೆಯ ಗಂಟೆ ದಾಟಿದ ಮೇಲೆ ಹುಡುಗರ ಹೊಟ್ಟೆನೋವು ನಿಲ್ಲುವಂತೆ, ತಾನೇ ಸರಿಹೋಗುತ್ತಿತ್ತು. ತಂತಿ ಬದಲಿಸಿದ್ದಾಯಿತು, ಶಾಖ ಅಳೆಯುವ ಕಡ್ಡಿ ಬದಲಿಸಿದ್ದಾಯಿತು. ಇವತ್ತು ತೊಟ್ಟಿಯ ಪಕ್ಕದ ಪೆಟ್ಟಿಗೆಯೊಳಗಿನ ಕಂಟ್ರೋಲ್ ಬೋರ್ಡನ್ನೇ ಹೊಸದು ಕೂರಿಸಿ ಅವನು ಮೀಸೆ ತಿರುವಿದ.

"ನೆವೆಂಕಾ ಅವರೇ, ಇನ್ನು ಇದು ಕೆಟ್ಟರೆ ಈ ಮೀಸೆ ಬೋಳಿಸ್ಕೊಳ್ತೀನಿ."

"ನಾಲ್ಕಕ್ಕೆ ಅತಿಥಿಗಳು ಬರ್ತಾರೆ. ಮೂರಕ್ಕೆ ಬಂದು ನೋಡ್ತೀನಿ," ಎಂದು ನೆವೆಂಕಾ ಕಾರು ಹತ್ತಿದಳು.

"ನಾನು ಸಾಕ್ಷಿ!" ಬೇಲಿಯ ಮೇಲೆ ಶ್ಟೆಫ್‌ನ ತಲೆ ಮೂಡಿತು. ಶ್ಟೆಫ್ ನಿವೃತ್ತ ಕ್ಷೌರಿಕ. ಇಪ್ಪತ್ತು ವರ್ಷದಿಂದ ಆ ಮೀಸೆಯ ಮೇಲೆ ಅವನಿಗೆ ಕಣ್ಣು.

ಬ್ಲಾಜ್ ಸ್ಟೂಲು ಹಾಕಿಕೊಂಡು ಮೀನಿಗೆ ಕಾದ ಬಕದಂತೆ ತೊಟ್ಟಿಯ ಮುಂದೆ ಕೂತ. ಶ್ಟೆಫ್ ರಾಕಿಯಾ ಸಾರಾಯಿಯ ಬಾಟಲಿಯೊಂದಿಗೆ ಬೇಲಿ ದಾಟಿ ಬಂದ.

"ಬೋರ್ಡಿಗೆ ಗಾಳಿ ಹೊಡೆದಿದೆ ಕಣೋ. ಪೆಟ್ಟಿಗೆಗೆ ಹಿಂದೊಂದು ಮುಂದೊಂದು ಕಿಂಡಿ ಬಿಟ್ಟಿದ್ದಾರೆ ನೋಡು. ಮನುಷ್ಯ ಆಗಿದ್ರೆ ಇಷ್ಟೊತ್ತಿಗೆ ಕುತ್ತಿಗೆ ಹಿಡ್ಕೊಂಡಿರೋದು."

"ಬೋರ್ಡು ತಣ್ಣಗಿರಲಿ ಅಂತಾನೇ ಕಿಂಡಿ ಬಿಡೋದು."

"ಹಾಗಾದ್ರೆ ಪಾದ್ರಿಗಳನ್ನ ಕರೆಸಿ ತೀರ್ಥ ಹಾಕ್ಸು."

"ಕರೆಂಟಿಗೆ ತೀರ್ಥ ಬಿದ್ರೆ ಪಾದ್ರಿಗಳು ನೆಟ್ಟಗೆ ಸ್ವರ್ಗಕ್ಕೆ ಹೋಗ್ತಾರೆ."

ಪಕ್ಕದ ಮನೆಯ ಬಾರಜ್ಜಿ ಮೂರನೇ ಸಲ ಇಣುಕಿದಳು. ಅತಿಥಿಗೃಹದ ಕೀಲಿ ಇರುವುದು ಅವಳ ಬಳಿ, ಕಸ ಗುಡಿಸುವುದೂ ಅವಳೇ. ದೃಷ್ಟಿ ಮಂದ, ಊರಿನವರನ್ನು ಟೋಪಿ, ಮೀಸೆ ನೋಡಿಯೇ ಗುರುತಿಸುವವಳು. ಬ್ಲಾಜ್ ಬಂದಾಗಲೆಲ್ಲ ಬಿಸಿಬಿಸಿ ಅಕ್ರೋಟಿನ ಸುರುಳಿ ರೊಟ್ಟಿ ತಂದುಕೊಡುತ್ತಿದ್ದಳು. ಇವತ್ತು ಮಾತ್ರ ಬರಿಗೈ, ಚಡಪಡಿಕೆ.

"ಮೇಸ್ತ್ರೀ, ಎಷ್ಟೊತ್ತು ಹೀಗೆ ಕೂರ್ತೀಯಪ್ಪಾ? ನಮ್ಮನೇಲಿ ಸೂಪಿದೆ, ಹೋಗಿ ಕುಡಿ. ನಾನು ನೋಡ್ಕೊಳ್ತೀನಿ."

ಶ್ಟೆಫ್ ಆಗಲೇ ಊಟಕ್ಕೆ ಮನೆಗೆ ಹೋಗಿದ್ದ. ಬ್ಲಾಜ್‌ನ ಹಸಿದ ಹೊಟ್ಟೆ ತಡೆಯಲಿಲ್ಲ. ಎರಡು ಬಟ್ಟಲು ಕುಡಿದು, ಅಲ್ಲೇ ಬೆಂಚಿನ ಮೇಲೆ ತೂಕಡಿಸಿ, ಎದ್ದು ಓಡಿಬಂದಾಗ ಎರಡೂ ಮುಕ್ಕಾಲು. ದೀಪ ಪಿಳಿಪಿಳಿ ಅಂದು ಅವನ ಕಣ್ಣೆದುರಿಗೇ ಆರಿತು.

ಬ್ಲಾಜ್ ಪೆಟ್ಟಿಗೆಯ ಬಾಗಿಲು ತೆಗೆದು ಒಳಗೆ ಕೈ ಹಾಕಿದ. ಏನೋ ಬೆಚ್ಚಗೆ, ಮೆತ್ತಗೆ, ಉಬ್ಬಿಕೊಂಡು ಕೂತಿತ್ತು. ಚೀರಿ ಕೈ ಎಳೆದರೆ ಬೆರಳಿಗೆಲ್ಲ ಹಿಟ್ಟು! ಹುಳಿ ಬಂದ ಹಿಟ್ಟಿನ ದೊಡ್ಡ ಬೋಗುಣಿ, ಅದರ ಸುತ್ತ ಕೆಂಪು ಕಂಬಳಿ. ಕಂಬಳಿಯ ತುದಿಗಳನ್ನು ಎರಡೂ ಕಿಂಡಿಗಳಿಗೆ ಗಟ್ಟಿಯಾಗಿ ತುರುಕಲಾಗಿತ್ತು. ಬೋರ್ಡು ಕುದಿಯುತ್ತಿತ್ತು.

"ಗಾಳಿ ಹೊಡೆದರೆ ಹಿಟ್ಟು ಉಬ್ಬಲ್ಲ ಮಗಾ," ಹಿಂದೆಯೇ ನಿಂತಿದ್ದ ಬಾರಜ್ಜಿ ಏಪ್ರನ್ನಿನಿಂದ ಕಣ್ಣೊರೆಸಿಕೊಂಡಳು. "ನಮ್ಮನೆ ರೊಟ್ಟಿ ಬೇಯಿಸೋ ಒಲೆ ಸತ್ತಿದೆ, ಸೂಪಿಗಷ್ಟೇ ಒಂದು ಸಣ್ಣ ಸ್ಟೌ ಇದೆ. ಮಂಗಳವಾರ, ಶುಕ್ರವಾರ ಇಲ್ಲಿಡ್ತೀನಿ, ಉಬ್ಬಿದ ಮೇಲೆ ಇಲ್ಲೇ ಅಡುಗೆಮನೇಲಿ ಬೇಯಿಸ್ತೀನಿ. ನಿನಗೆ ಅಂತ ಒಂದು ಸುರುಳಿ ಜಾಸ್ತೀನೇ ಮಾಡ್ತಿದ್ದೆ. ನೆವೆಂಕಾಗೆ ಹೇಳಬೇಡ, ಕೀಲಿ ಕಿತ್ಕೊಳ್ತಾಳೆ."

ಅಂದರೆ ಐದು ಸಲ ಬಂದು ಅವನು ರೋಗದ ಕಾರಣವನ್ನೇ ತಿಂದು, ಬಾಯೊರೆಸಿಕೊಂಡು ಹೋಗಿದ್ದ!

ಕಾರು ಬಂದ ಸದ್ದಾಯಿತು. "ಸಂಜೆ ಬಂದು ನಿಮ್ಮ ಒಲೆ ಸರಿಮಾಡ್ತೀನಿ. ಇಲ್ಲಿ ಮಾತ್ರ ಇನ್ನು ಇಡಬೇಡಿ," ಎಂದು ಬೋಗುಣಿ, ಕಂಬಳಿ ಎರಡನ್ನೂ ಅಜ್ಜಿಯ ಕೈಗಿಟ್ಟು ಬೇಲಿಯಾಚೆ ಸಾಗಹಾಕಿದ.

"ಮತ್ತೆ ಆರಿದೆ! ಏನ್ರೀ ಕಾರಣ?" ನೆವೆಂಕಾ ಕೇಳಿದಳು.

ಬ್ಲಾಜ್ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. "ಗೊತ್ತಾಗ್ಲಿಲ್ಲ."

ಶ್ಟೆಫ್ ಬೇಲಿ ದಾಟಿ ಬಂದು, ಬೆಳಿಗ್ಗೆಯಿಂದ ಜೇಬಿನಲ್ಲೇ ಇಟ್ಟುಕೊಂಡಿದ್ದ ಕ್ಷೌರದ ಕತ್ತಿಯನ್ನು ಹೊರತೆಗೆದ. ಸೋಪಿಗೆ ನೀರು ತೊಟ್ಟಿಯಿಂದಲೇ ಬಂತು. ಕೊನೆಯ ಕೂದಲು ಉದುರುವಷ್ಟರಲ್ಲಿ, ತಣ್ಣಗಾದ ಬೋರ್ಡಿನ ದೀಪ ತಾನಾಗಿ ಹತ್ತಿ ಹಲ್ಲುಕಿರಿಯಿತು.

ಐದು ಗಂಟೆಗೆ ಬ್ಲಾಜ್ ಸಲಕರಣೆಯ ಚೀಲ ಹಿಡಿದು ಬಾರಜ್ಜಿಯ ಬಾಗಿಲು ಬಡಿದ. ಒಳಗಿಂದ, ಅಜ್ಜಿ ಯಾರದೋ ಮನೆಯ ಒಲೆಯಲ್ಲಿ ಬೇಯಿಸಿ ತಂದಿದ್ದ ರೊಟ್ಟಿಯ ಅಕ್ರೋಟಿನ ಘಮ.

"ಯಾರು?"

"ನಾನಜ್ಜಿ, ಮೇಸ್ತ್ರಿ. ಒಲೆ ನೋಡೋಣ ಅಂತ."

ಅಜ್ಜಿ ಆ ಬೋಳು ಮುಖದ ಹತ್ತಿರ ಮೂಗು ತಂದು ನೋಡಿದಳು.

"ಗಂಟಲು ಕೂಡ ಅವನ ಥರಾನೇ ಮಾಡ್ತೀಯಲ್ಲೋ ಕಳ್ಳ! ನೆವೆಂಕಾ ಕರೆಸಿರೋ ಹೊಸ ಮೇಸ್ತ್ರಿ ನೀನೇ ತಾನೆ? ಹೋಗ್ ಹೋಗು. ನಮ್ಮ ಮೀಸೆ ಮೇಸ್ತ್ರಿಗೆ ಕೆಲಸ ಬರಲ್ಲ ನಿಜ, ಆದರೆ ಬಂಗಾರದಂಥ ಮನುಷ್ಯ. ಈ ರೊಟ್ಟಿ ಅವನು ಬರೋವರೆಗೂ ಯಾರಿಗೂ ಕೊಡಲ್ಲ."

ಬಾಗಿಲು ದಡಾರನೆ ಮುಚ್ಚಿಕೊಂಡಿತು.