ಕಾಗೆಗೆ ಕೊಟ್ಟ ಮಾತು

ತಿಥಿ ಮುಗಿದ ಮರುದಿನ ಕುದೂರಿನ ಆ ಮನೆಯ ನಲ್ಲಿಯಲ್ಲಿ ಎಂದಿನಂತೆ ನೀರು ಬಂತು. ಪ್ರತಿಮಾ ಬಿಂದಿಗೆ ತುಂಬಿಸಿದಳು, ಹಾಲು ಕಾಯಿಸಿದಳು. ನೆಂಟರು ಹೋಗಿದ್ದರು. ಗಂಡ ಲೋಕೇಶ ಅವರಿಗಿಂತ ಮೊದಲೇ ಹೋಗಿದ್ದ, ತಿಥಿ ಅವನದೇ. ಅವನ ಫೋನು ಮಾತ್ರ ಇನ್ನೂ ಚಾರ್ಜಿನಲ್ಲಿತ್ತು. ಅದು ಸದ್ದು ಮಾಡಿತು.

ಮುಲ್ಕಿಯ ಕಡಲತೀರದಿಂದ ಬಂದ ಮೆಸೇಜು: ನಾಳೆ ಭಾನುವಾರ ಹೊಸಬರ ಸರ್ಫಿಂಗ್ ತರಗತಿ, ನೀವು ಬುಕ್ ಮಾಡಿದ ಒಂದು ಸೀಟು ಇದೆ, ಮರೆಯದೆ ಬನ್ನಿ.

ಭಾವ ರಾಮಲಿಂಗಯ್ಯ ಅದನ್ನು ಗಟ್ಟಿಯಾಗಿ ಓದಿದ. ಅವನು ಹಾಲಿನ ಡೈರಿಯ ಅಧ್ಯಕ್ಷ. ಏನು ಸಿಕ್ಕಿದರೂ ಗಟ್ಟಿಯಾಗಿಯೇ ಓದುತ್ತಿದ್ದ. ತಮ್ಮನ ಓದು, ಕೆಲಸ, ಬೈಕಿನ ಬಣ್ಣ ಎಲ್ಲ ಅವನದೇ ತೀರ್ಮಾನ. ಹೆಣ್ಣು ನೋಡಲು ಬಂದಾಗ ಪ್ರತಿಮಾಳನ್ನು ಒಪ್ಪಿದ್ದೂ ಅವನೇ.

"ಅದೇ ಕಣಪ್ಪ ಅವನ ಆಸೆ," ಎಂದಳು ಅತ್ತೆ ಬೋರಮ್ಮ.

ಹಿಂದಿನ ದಿನ ಎಡೆಯನ್ನು ಕಾಗೆ ಮುಟ್ಟಿರಲಿಲ್ಲ. ಸತ್ತವನಿಗೆ ಆಸೆಯೇನಾದರೂ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ. ನೆಂಟರು ಊಹಿಸಿ ಊಹಿಸಿ ಬಿರಿಯಾನಿ ಇಟ್ಟರು, ಬ್ರಾಂದಿ ಇಟ್ಟರು. ಕಾಗೆ ಮರ್ಯಾದೆ ಸಾಲದೆಂದು ಮುನಿದ ಬೀಗರ ಹಾಗೆ ಮುಖ ತಿರುಗಿಸಿ ಕೂತಿತು. ಅದು ಮುಟ್ಟುವವರೆಗೆ ತಾನೂ ಊಟ ಮುಟ್ಟುವುದಿಲ್ಲವೆಂದು ಬೋರಮ್ಮ ಹಟ ಹಿಡಿದಳು. ಸಕ್ಕರೆ ಕಾಯಿಲೆಯ ಮುದುಕಿ.

"ಅವನ ಬದಲು ನಾನೇ ಅಲೆ ಮ್ಯಾಲೆ ಹಲಗೆ ಹಾಕಿ ನಿಂತ್ಕೊಂಡು ಬತ್ತೀನಿ," ಎಂದ ರಾಮಲಿಂಗಯ್ಯ. "ಕಂಬಿ ಹಿಡೀದೆ ಬಸ್ಸಲ್ಲಿ ಮಾಗಡಿಗಂಟ ನಿಂತ್ಕೊಂಡು ಹೋಗಿವ್ನಿ. ಇದೇನ್ ಮಹಾ?"

ಪ್ರತಿಮಾಳನ್ನು ಯಾರೂ ಏನೂ ಕೇಳಲಿಲ್ಲ. ರಾತ್ರಿಯೇ ಪಕ್ಕದ ಮನೆಯ ಸ್ವಾಮಿಯ ಓಮ್ನಿ ವ್ಯಾನಿನಲ್ಲಿ ವಡೆ, ಕಜ್ಜಾಯ, ಬಾಳೆಲೆಯ ಜೊತೆಗೆ ಅವಳನ್ನೂ ಕೂರಿಸಿದರು.

ಬೆಳಿಗ್ಗೆ ಕಡಲಿನ ಮುಂದೆ ಎಡೆ ಹಾಕಿದ್ದಾಯಿತು. ಕಲಿಸುವವನು ಉಜೈರ್, ತೆಳ್ಳಗಿನ ಯುವಕ. ಲೋಕೇಶ ಹೋದ ಸುದ್ದಿ ಕೇಳಿ ಕೈಲಿದ್ದ ಹಲಗೆ ಕೆಳಗಿಟ್ಟ. ಏನೋ ಹೇಳಲು ಬಾಯಿ ತೆರೆದ. ರಾಮಲಿಂಗಯ್ಯ ಅಷ್ಟರಲ್ಲಿ ತನಗೆ ದೊಡ್ಡ ಹಲಗೆಯೇ ಬೇಕೆಂದು ತಾಕೀತು ಮಾಡಿದ.

ಸರ್ಫಿಂಗಿನ ಬಿಗಿ ಅಂಗಿಯಲ್ಲಿ ಅವನು ಬಾಯಿ ಹೊಲಿದ ರಾಗಿಮೂಟೆಯಂತೆ ಕಂಡ. ಗುಂಪಿನಲ್ಲಿ ಉಳಿದವರು ಕಾಲೇಜು ಹುಡುಗಿಯರು. ಎಲ್ಲರೂ ಮೊದಲು ಮರಳಿನ ಮೇಲೆ ಬೋರಲು ಮಲಗಿ, ಈಜುವಂತೆ ಕೈ ಬಡಿದು, ಚಂಗನೆ ಎದ್ದು ನಿಲ್ಲಬೇಕು. ಹುಡುಗಿಯರು ಎದ್ದರು. ರಾಮಲಿಂಗಯ್ಯ ಬಾಣಂತಿ ಏಳುವ ಹಾಗೆ ಎದ್ದ. ಹೊಟ್ಟೆ ಒಳಗೆ ತೆಗೆದುಕೊಳ್ಳಿ ಎಂದ ಉಜೈರ್. ಅಧ್ಯಕ್ಷನಿಗೆ ಹಾಗೆ ಅಪ್ಪಣೆ ಮಾಡಿದವರು ಊರಲ್ಲಿ ಯಾರೂ ಇರಲಿಲ್ಲ. ಅವನು ತೆಗೆದುಕೊಂಡ.

ಮೊದಲ ಅಲೆಗೆ ಹಲಗೆ ಒಂದು ಕಡೆ ಹೋಯಿತು, ಅವನು ಇನ್ನೊಂದು ಕಡೆ ಹೋದ. ಕಾಲುಗಳೆರಡೂ ಆಕಾಶ ನೋಡಿದವು. ಅದೇ ಗಳಿಗೆಯಲ್ಲಿ ತೆಂಗಿನ ಮರದಿಂದ ಕಾಗೆಯೊಂದು ಇಳಿದು ನೇರ ಎಲೆಗೇ ಬಂತು.

ಬೋರಮ್ಮ ಸೆರಗು ಬೀಸಿದಳು. "ನಿಮ್ಮಣ್ಣ ಇನ್ನೂ ನಿಂತಿಲ್ಲ ಕಣ್ ಮಗಾ, ಒಸಿ ತಡ್ಕೊ."

ಅವನು ಮತ್ತೆ ಬಿದ್ದ, ಕಾಗೆ ಮತ್ತೆ ಬಂತು. ಅವನು ಉಪ್ಪುನೀರು ಕುಡಿದು ಕೆಮ್ಮುವಾಗ ಅದು ವಡೆಯ ಅಂಚಿಗೇ ಕೊಕ್ಕು ಚಾಚಿತ್ತು. ಸ್ವಾಮಿ ಟವೆಲು ಹಿಡಿದು ಅದನ್ನು ಓಡಿಸುವ ಕೆಲಸ ವಹಿಸಿಕೊಂಡ. ಓಡಿಸುತ್ತಲೇ, ಮಂಡಿ ಬಗ್ಗಿಸು, ಉಸಿರು ಬಿಡು ಎಂದು ಸಮುದ್ರಕ್ಕೆಲ್ಲ ಕೇಳುವಂತೆ ಬುದ್ಧಿ ಹೇಳಿದ. ಅವನು ಸಮುದ್ರ ನೋಡಿದ್ದು ಅದೇ ಮೊದಲು.

ಹುಡುಗಿಯರೆಲ್ಲ ನಿಂತು, ಫೋಟೋ ತೆಗೆಸಿಕೊಂಡು, ಅಧ್ಯಕ್ಷನ ಬೀಳುವಿಕೆಯನ್ನೂ ವಿಡಿಯೋ ಮಾಡಿಕೊಂಡು ಹೋದರು. ಬಿಸಿಲು ಏರಿತು. ಬೋರಮ್ಮ ಕೂತಲ್ಲೇ ವಾಲತೊಡಗಿದಳು. ರಾಮಲಿಂಗಯ್ಯನ ಮಂಡಿ ತರಚಿಹೋಗಿತ್ತು, ದನಿಯೂ ಉಳಿದಿರಲಿಲ್ಲ. ಕೊನೆಗೆ ಒಂದು ಬಡಕಲು ಅಲೆ ಅವನನ್ನು ಎತ್ತಿತು. ಅವನು ನಿಂತ. ಹಲಗೆ ಮರಳು ಮುಟ್ಟುವವರೆಗೂ ನಿಂತೇ ಬಂದ.

"ನೋಡವ್ವ, ನಿಂತೆ. ಕಾಗೇನ ಕರಿ."

ಕಾಗೆ ಇರಲಿಲ್ಲ. ದೂರದಲ್ಲಿ ಮೀನಿನ ದೋಣಿ ದಡ ಸೇರಿತ್ತು. ಊರಿನ ಕಾಗೆಗಳೆಲ್ಲ ಅಲ್ಲಿದ್ದವು. ಎಲೆಯ ಮೇಲಿನ ವಡೆ ಒಣಗುತ್ತಿತ್ತು.

ಉಜೈರ್‌ಗೆ ಏನೂ ತಿಳಿಯಲಿಲ್ಲ. ಸ್ವಾಮಿ ಎಡೆಯ ವಿಷಯ, ಉಳಿದ ಆಸೆಯ ವಿಷಯ ವಿವರಿಸಿದ.

"ನಿಲ್ಲುವ ಆಸೆ ಅವರಿಗೆಂತಕ್ಕೆ?" ಎಂದ ಉಜೈರ್. "ಲೋಕೇಶ್ ಸರ್ ಹೋದ ವರ್ಷವೇ ಚಂದ ನಿಂತಿದ್ದಾರೆ. ಈ ಸೀಟು ಬುಕ್ ಮಾಡಿದ್ದು ಅಣ್ಣನಿಗೆ. ಅಣ್ಣ ಬೀಳುವುದನ್ನು ಒಮ್ಮೆ ದಡದಲ್ಲಿ ಕೂತು ನೋಡಬೇಕು, ಅದೊಂದೇ ಆಸೆ ಅಂತ ಹೇಳಿದ್ರು."

ಬೋರಮ್ಮ ಎಲೆ ನೋಡಿದಳು. ಆಮೇಲೆ ಹಿರಿಮಗನನ್ನು ನೋಡಿದಳು.

"ನಿಂತ್ಬುಟ್ಟಲ್ಲೋ," ಎಂದಳು. "ಹೋಗು, ಬೀಳೋಗು."

"ಬೆಳಗಿಂದ ಬಿದ್ದಿವ್ನಲ್ಲವ್ವ."

"ಆಗ ನಾನು ಓಡಿಸ್ತಿದ್ನಲ್ಲ, ಮಗಾ. ಈಗ ಬೀಳು."

ಸ್ವಾಮಿ ದೋಣಿಯ ಕಡೆಗೆ ಕಾಗೆ ಕರೆಯಲು ಓಡಿದ. ರಾಮಲಿಂಗಯ್ಯ ಹಲಗೆ ಎತ್ತಿಕೊಂಡು ಕುಂಟುತ್ತ ನೀರಿಗಿಳಿದ. ಬಂದ ಅಲೆಯ ಮೇಲೆ ಅವನು ಮತ್ತೆ ನಿಂತ. ಬೋರಮ್ಮ ಹಣೆ ಚಚ್ಚಿಕೊಂಡಳು.

ಪ್ರತಿಮಾ ಚೀಲದಿಂದ ಇಸ್ತ್ರಿ ಮಾಡಿದ ನೀಲಿ ಅಂಗಿಯೊಂದನ್ನು ತೆಗೆದು ಉಜೈರ್‌ಗೆ ಕೊಟ್ಟಳು. "ನಮ್ಮನೆಯವ್ರು ಹೋದ ಸಲ ಬಟ್ಟೆ ನೆಂದೋಯ್ತು ಅಂತ ನಿಮ್ಮದು ಹಾಕ್ಕೊಂಡು ಬಂದಿದ್ರು."

ಅವನು ಅಂಗಿಯನ್ನೂ ಅವಳನ್ನೂ ನೋಡಿದ. "ಲೋಕೇಶ್ ಸರ್ ನಿಂತದ್ದು ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು," ಎಂದಳು. "ಒಂದು ಗುಂಡಿ ಕಿತ್ತೋಗಿತ್ತು, ಹಾಕಿದ್ದೀನಿ."