ಚಾಚಾನ ಪೆಟ್ರೋಲ್ ಮುಳ್ಳು

ಗೋಕಾಕ ತಾಲ್ಲೂಕಿನಲ್ಲಿ ನಮ್ಮ ಓಣಿಯ ಚಾಚಾನಿಗಿಂತ ದೊಡ್ಡ ಜುಗ್ಗ ಇದ್ದರೆ ತೋರಿಸಿ, ಅವನ ಕಾಲಿಗೆ ಬೀಳುತ್ತೇನೆ! ಅಂಕಲಗಿಯಲ್ಲಿ ಬೀಗ ರಿಪೇರಿ ಅಂಗಡಿ ಇಟ್ಟಿರುವ ಇವರು ತಮ್ಮ ಅಂಗಡಿಗೇ ಬೀಗ ಹಾಕುವುದಿಲ್ಲ, ಹಾಕಿದರೆ ಸವೆಯುತ್ತದಂತೆ. ಇಂಥವರು ಕಾರು ಕೊಂಡರೆಂದರೆ ನಂಬುತ್ತೀರಾ? ಕೊಂಡರು. ಚಾಚಿಗೆ ದಮ್ಮಿನ ಕಾಯಿಲೆ. ಉಸಿರು ಹಿಡಿಯಿತೆಂದರೆ ಘಟಪ್ರಭಾದ ದವಾಖಾನೆಗೆ ಒಯ್ಯಲೇಬೇಕು, ಬಸ್ಸು ಬರುವವರೆಗೆ ಆ ಜೀವ ಕಾಯುವುದಿಲ್ಲ. ಅದಕ್ಕೇ ಹತ್ತು ಕೈ ದಾಟಿ ಬಂದ ಒಂದು ಹಳೇ ಕಾರು.

ಆ ಕಾರಿನ ಪೆಟ್ರೋಲ್ ಮುಳ್ಳು ಮಹಾ ಸುಳ್ಳುಬುರುಕ. ಒಮ್ಮೆ ಚಾಚಿಗೆ ದಮ್ಮು ಜೋರಾಗಿ ದವಾಖಾನೆಗೆ ಹೊರಟಾಗ ಅದು ಅರ್ಧ ಟ್ಯಾಂಕ್ ತೋರಿಸುತ್ತಿತ್ತು. ನಡುದಾರಿಯಲ್ಲಿ ಕಾರು ಕೆಮ್ಮಿ ನಿಂತಿತು. ಟ್ಯಾಂಕಿನಲ್ಲಿ ಹನಿಯಿಲ್ಲ! ಚಾಚಿಯ ತುಟಿ ನೀಲಿಗಟ್ಟಿತ್ತು. ಕೊನೆಗೆ ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ಕಾರಿಗೆ ಹಗ್ಗ ಕಟ್ಟಿ ಎಳೆದೊಯ್ದ. ಬದುಕಿ ಮನೆಗೆ ಬಂದ ಚಾಚಿ, ನನ್ನನ್ನೂ ಕಬ್ಬಿನ ಜೊತೆ ಗಾಣಕ್ಕೆ ಹಾಕುತ್ತಾರೆಂದು ತಿಳಿದಿದ್ದೆ ಎಂದು ನಕ್ಕರು. ಚಾಚಾ ನಗಲಿಲ್ಲ.

ಗೋಕಾಕದ ಮೆಕ್ಯಾನಿಕ್ ಇಡೀ ಮೀಟರೇ ಹೊಸದು ಹಾಕಬೇಕೆಂದ. ರೇಟು ಕೇಳಿದ್ದೇ ಚಾಚಾ ಸಲಾಮು ಹೊಡೆದು ಎದ್ದು ಬಂದರು. ಟ್ಯಾಂಕಿನೊಳಗೆ ಒಂದು ತಂತಿ, ತಂತಿಯ ತುದಿಗೆ ತೇಲುವ ಡಬ್ಬಿ. ಪೆಟ್ರೋಲ್ ಇಳಿದಂತೆ ಡಬ್ಬಿಯೂ ಇಳಿದು ಮುಂದಿನ ಮುಳ್ಳಿಗೆ ಚಾಡಿ ಹೇಳುತ್ತದೆ, ಅಷ್ಟೇ. ಚಾಚಾ ಹಿಂದಿನ ಸೀಟು ಎತ್ತಿದರು, ತಂತಿಯನ್ನು ಇಕ್ಕಳದಿಂದ ಬಗ್ಗಿಸಿದರು, ಸೀಟು ಕೂಡಿಸಿದರು. ಖರ್ಚು? ಕೈ ತೊಳೆದ ಸಾಬೂನಿನದು!

ಆದರೆ ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಈಗ ಮುಳ್ಳು ತಿರುಗಾಮುರುಗಾ ಸುಳ್ಳು ಹೇಳತೊಡಗಿತು. ಪೆಟ್ರೋಲ್ ಇದ್ದರೂ ಖಾಲಿ ಖಾಲಿ ಎಂದು ಹುಯ್ಯಲಿಡುತ್ತಿತ್ತು. ಹುಕ್ಕೇರಿಗೆ ಹೆಣ್ಣು ನೋಡಲು, ಮೂಡಲಗಿಗೆ ಸತ್ತವರ ಮಣ್ಣಿಗೆ ಎಂದು ಕಾರು ಕೇಳಿ ಒಯ್ದವರು ಗಾಬರಿಯಾಗಿ ಮೊದಲ ಬಂಕಿನಲ್ಲೇ ಎಣ್ಣೆ ಹಾಕಿಸುತ್ತಿದ್ದರು. ಜುಗ್ಗ ಬೇಕೆಂದೇ ಹೀಗೆ ಮಾಡಿಟ್ಟಿದ್ದಾನೆ ಎಂದು ಓಣಿಯೆಲ್ಲ ಆಡಿಕೊಂಡಿತು. ಚಾಚಿಯಂತೂ, “ನಿಮ್ಮ ಚಾಚಾನ ಕಾರು ಭಿಕ್ಷಾ ಬೇಡಾಕ ಕಲ್ತೈತಿ ನೋಡಪಾ” ಎನ್ನುತ್ತಿದ್ದರು, ನಡುನಡುವೆ ಉಸಿರೆಳೆದುಕೊಳ್ಳುತ್ತ. ಇನ್ನೂ ಮಜಾ ಎಂದರೆ, ತಾವೇ ತಂತಿ ಬಗ್ಗಿಸಿ ಕೆಡಿಸಿದ ಮುಳ್ಳಿಗೆ ಚಾಚಾ ತಾವೇ ಹೆದರುತ್ತಿದ್ದರು! ಖಾಲಿ ಕಂಡರೆ ಸಾಕು, ಕುಡಿಯುವ ಚಹಾ ಬಿಟ್ಟು ಬಂಕಿಗೆ ಓಡುತ್ತಿದ್ದರು. ಜುಗ್ಗನಿಗೆ ಇದೆಂಥ ಹುಚ್ಚು?

ಹೋದ ಬೇಸಿಗೆಯಲ್ಲಿ ಚಾಚಿಗೆ ಮತ್ತೆ ಉಸಿರು ಹಿಡಿಯಿತು. ಮುಳ್ಳು ಖಾಲಿ ಎನ್ನುತ್ತಲೇ ಇತ್ತು, ಕಾರು ಎಲ್ಲೂ ನಿಲ್ಲದೆ ಘಟಪ್ರಭಾ ಮುಟ್ಟಿತು. ಡಾಕ್ಟರು ಕೈಲಾದದ್ದೆಲ್ಲ ಮಾಡಿದರು. ಸಂಜೆ ಅದೇ ಕಾರಿನ ಹಿಂದಿನ ಸೀಟಿನಲ್ಲಿ ಚಾಚಿಯ ಹೆಣ ತಂದೆವು.

ಮಣ್ಣು ಕೊಟ್ಟು ಕೆಲವು ದಿನ ಕಳೆದಿದ್ದವು. ಚಾಚಾ ಅಂಗಳದಲ್ಲಿ ಆ ಸೀಟು ಕಿತ್ತಿಟ್ಟು, ಅದೇ ತಂತಿಯನ್ನು ಇಕ್ಕಳದಿಂದ ತುಸು ನೆಟ್ಟಗೆ ಮಾಡುತ್ತಿದ್ದರು. ಪುಕ್ಕಟೆ ಪೆಟ್ರೋಲ್ ಯಾಕೆ ಕಳೆದುಕೊಳ್ಳುತ್ತೀರಿ ಎಂದು ನಗಿಸಲು ನೋಡಿದೆ.

“ಖಾಲಿ ಅಂತ ತೋರಿಸಿದ ಮ್ಯಾಲೂ ಘಟಪ್ರಭಾಕ್ಕ ಹೋಗಿ ಬರುವಷ್ಟು ಟ್ಯಾಂಕಿನ್ಯಾಗ ಇರಬೇಕು ಅಂತ ಬಗ್ಗಿಸಿದ್ನಿ ತಮ್ಮಾ,” ಎಂದರು, ತಲೆ ಎತ್ತದೆ. “ನಂದು ಮರವಿನ ಬುದ್ಧಿ. ಆಕಿ ಉಸಿರು ನನ್ನ ನೆನಪಿನ ಮ್ಯಾಲೆ ಬಿಡಾಕ ಧೈರ್ಯ ಆಗಲಿಲ್ಲ.”

ಅವರ ಪಕ್ಕ ಕೂತು ತಂತಿಯ ಇನ್ನೊಂದು ತುದಿ ಹಿಡಿದುಕೊಂಡೆ.

“ಈಗ ಇದ್ದಷ್ಟ ತೋರಸ್ಲಿ,” ಎಂದರು ಚಾಚಾ. “ಇನ್ನ ನಡುದಾರ್ಯಾಗ ನಿಂತ್ರೂ ನಡೀತೈತಿ.”